ಅಗಲಿದವರ ಫೋಟೋಗೆ ಕಾವಲು ಕೂತ ಬಿಪಿಎಫ್

ಹತ್ತಿಮತ್ತೂರಿನ ಅಜ್ಜ ತೀರಿಕೊಂಡು ವರ್ಷವಾಗಿತ್ತು. ಹೋದ ತಿಂಗಳು ನಮ್ಮ ಕಚೇರಿಯಲ್ಲಿ ಅವರು ಎರಡನೇ ಸಲ ಕಣ್ಮರೆಯಾದರು.

ಈ ವಾರಪತ್ರಿಕೆಯ ಏಳನೇ ಪುಟ ನೋಡುವವರಿಗೆ ವಿಷಯ ಗೊತ್ತಿರಬಹುದು. ಪ್ರಥಮ ಪುಣ್ಯಸ್ಮರಣೆಯ ಜಾಹೀರಾತುಗಳು ಬರುವುದು ಅಲ್ಲೇ. ನಡುವೆ ಮೊಟ್ಟೆಯಾಕಾರದ ಚೌಕಟ್ಟು, ಅದರೊಳಗೆ ಅಗಲಿದವರ ಮುಖ, ಕೆಳಗೆ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳ ಹೆಸರು. (ಹೆಸರು ಬಿಟ್ಟುಹೋದ ಅಳಿಯ ಸೋಮವಾರ ಬೆಳಿಗ್ಗೆ ಕಚೇರಿಗೆ ಬರುತ್ತಾನೆ. ಅದು ಬೇರೆ ಕಥೆ.) ಇದಕ್ಕೆ ಹೊಸ ಫೋಟೋ ಕೊಡಿ ಎಂದು ನಾವು ಯಾರನ್ನೂ ಕೇಳುವುದಿಲ್ಲ. ವರ್ಷದ ಹಿಂದೆ ನಿಧನ ವಾರ್ತೆಗೆ ಕೊಟ್ಟ ಫೋಟೋ ಕಂಪ್ಯೂಟರಿನಲ್ಲಿ ಇರುತ್ತದೆ. "ಅದನ್ನ ಹಾಕ್ರಿ" ಎಂದು ಮನೆಯವರು ಫೋನಿನಲ್ಲಿ ಹೇಳಿದರೆ ಮುಗಿಯಿತು. ನಮ್ಮಲ್ಲಿ ಮೊದಲಿನಿಂದ ನಡೆದು ಬಂದ ಪದ್ಧತಿ ಇದು.

ಹೋದ ತಿಂಗಳು ಮೂರು ವಾರಗಳಲ್ಲಿ ಮೂರು ಫೋಟೋ ಸಿಗಲಿಲ್ಲ. ಮೊದಲು ಹಾನಗಲ್ಲಿನ ಒಬ್ಬ ಆಚಾರ್ಯರದು. ಮನೆಯವರು ಗೋಡೆಯ ಮೇಲಿನ ಗಾಜಿನ ಫೋಟೋವನ್ನು ಮೊಬೈಲಿನಲ್ಲಿ ತೆಗೆದು ಕಳಿಸಿದರು. ಅದರಲ್ಲಿ ಟ್ಯೂಬ್‌ಲೈಟಿನ ಪ್ರತಿಬಿಂಬ ಬಿದ್ದಿತ್ತು. ಜೀವನವಿಡೀ ಉದ್ದ ನಾಮ ಇಟ್ಟವರ ಹಣೆಯ ಮೇಲೆ ಅಡ್ಡ ಬೆಳಕು ಮೂಡಿ ಅಚ್ಚಾಯಿತು. ಎರಡನೆಯದು ಸವಣೂರಿನ ನಿವೃತ್ತ ಶಿಕ್ಷಕಿಯೊಬ್ಬರದು. ಅದನ್ನೂ ಹಾಗೇ ಹೇಗೋ ಸುಧಾರಿಸಿದೆವು. ಮೂರನೆಯದು ಹತ್ತಿಮತ್ತೂರಿನ ಅಜ್ಜನದು. ಆ ಹೊತ್ತಿಗೆ ಮುದ್ರಣದವರು ಕೂಗಾಡುತ್ತಿದ್ದರು. ಚೌಕಟ್ಟು ಖಾಲಿಯಾಗಿಯೇ ಅಚ್ಚಾಯಿತು.

ಅಜ್ಜನ ಮಗ ಪತ್ರಿಕೆ ಹಿಡಿದುಕೊಂಡು ಬಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಚೌಕಟ್ಟು ಭಾಳ ಚಲೋ ಬಂದೈತ್ರಿ ಸರ್ರ. ಅಪ್ಪ ಎಲ್ಲಿ ಅದಾನ್ರಿ?"

ಆ ಪ್ರಶ್ನೆಗೆ ನಮ್ಮ ಮಾಲೀಕರು ಶಂಕರಪ್ಪನವರು ಅರ್ಧ ಗಂಟೆಯಲ್ಲಿ ಉತ್ತರ ಕಂಡುಹಿಡಿದರು. ಉತ್ತರದ ಹೆಸರು ಸುಜಾತಾ.

ಸುಜಾತಾ ನಮ್ಮ ಪುಟ ಕಟ್ಟುವವರು. ಟೈಪಿಂಗ್, ವಿನ್ಯಾಸ, ಫೋಟೋ ಎಲ್ಲವೂ ಅವರದೇ. ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಾರೆ, ಊಟದ ಡಬ್ಬಿ ತರುತ್ತಾರೆ. ಮಧ್ಯಾಹ್ನ ಒಂದರಿಂದ ಎರಡರವರೆಗೆ ನಾವೆಲ್ಲ ಮನೆಗೆ ಊಟಕ್ಕೆ ಹೋದಾಗ ಕಚೇರಿಯಲ್ಲಿ ಇರುವುದು ಅವರೊಬ್ಬರೇ. ಮಾಲೀಕರ ಮೊದಲ ಪುರಾವೆ ಇದು. ಎರಡನೆಯದು ಇನ್ನೂ ಗಟ್ಟಿ. ಅದೇ ಮೂರು ವಾರಗಳಲ್ಲಿ ಇನ್ನೂ ಎರಡು ಪುಣ್ಯಸ್ಮರಣೆಗಳು ಬಂದಿದ್ದವು. ಎರಡೂ ಬೌದ್ಧ ಮನೆತನಗಳವು. ಆ ಎರಡೂ ಫೋಟೋ ಇದ್ದ ಜಾಗದಲ್ಲೇ ಇದ್ದವು. ಸುಜಾತಾ ಅವರ ಮನೆಯವರೂ ಬೌದ್ಧರು.

"ನಮ್ಮ ಮಂದೀದ ಮೂರೂ ಹೋದ್ವು. ಆಕೀ ಮಂದೀದ ಎರಡೂ ಉಳದ್ವು. ಇದಕ್ಕೇನಂತೀರಿ?" ಎಂದರು ಮಾಲೀಕರು.

ಏನನ್ನಬೇಕು? ಲೆಕ್ಕ ತಪ್ಪಿರಲಿಲ್ಲ. ಐದರಲ್ಲಿ ಐದೂ ಹೊಂದಿಕೊಳ್ಳುತ್ತಿದ್ದವು. ಮೂವತ್ತು ವರ್ಷ ಸುದ್ದಿಮನೆಯಲ್ಲಿ ಕಳೆದ ನನಗೂ ಒಂದು ಕ್ಷಣ, ಒಪ್ಪಿಕೊಳ್ಳುತ್ತೇನೆ, ಹೌದಲ್ಲ ಅನ್ನಿಸಿತು.

ಮಾಲೀಕರು ಸುಜಾತಾ ಅವರನ್ನು ಕರೆದು ನೇರವಾಗಿ ಹೇಳಿದರು. "ನೋಡವಾ, ಬರೋ ಶನಿವಾರದ ಸಂಚಿಕೆ ನಿಂದು ಕಡೇದು ಅಂತ ತಿಳಕೋ."

ಸುಜಾತಾ ಕುರ್ಚಿಯಿಂದ ಏಳಲಿಲ್ಲ. "ಪುರಾವೆ ತೋರಿಸ್ರಿ ಮಾಲಕ್ರ, ಇವತ್ತ ಹೋಗ್ತೇನಿ. ಪುರಾವೆ ಇಲ್ಲಂದ್ರ ಶನಿವಾರನೂ ಯಾಕ ಹೋಗ್ಲಿ?"

ನಾನು ನಡುವೆ ಬಾಯಿ ಹಾಕಿ ಹದಿನೈದು ದಿನ ಕೇಳಿದೆ. ಈ ಕಚೇರಿಯಲ್ಲಿ ನಾನು ಉಪಸಂಪಾದಕ, ಕರಡು ತಿದ್ದುವವ ಮತ್ತು (ಒಮ್ಮೆ ಪ್ರಿಂಟರಿನ ಹೊಟ್ಟೆಯಿಂದ ಕಾಗದ ಎಳೆದು ತೆಗೆದ ತಪ್ಪಿಗೆ) ಕಂಪ್ಯೂಟರ್ ವಿಭಾಗದ ಮುಖ್ಯಸ್ಥ. ಅಳಿಸಿದವರು ಯಾರೆಂದು ಕಂಪ್ಯೂಟರನ್ನೇ ಕೇಳೋಣ ಎಂದೆ. ಮಾಲೀಕರು ಒಪ್ಪಿದರು. "ಹದಿನೈದು ದಿನ ಆತು. ಆಮ್ಯಾಲಿನ ಸಂಚಿಕೆ ಆಕೀಗೆ ಕಡೇದು."

ಆದರೆ ಕಂಪ್ಯೂಟರ್ ಹಾಗೆ ಕೇಳಿದ ಕೂಡಲೇ ಹೇಳುವುದಿಲ್ಲ. ಫೈಲ್ ಅಳಿಸಿದವರ ಹೆಸರನ್ನು ಅದು ತಾನಾಗಿ ಬರೆದಿಡುವುದೂ ಇಲ್ಲ. ಭಾನುವಾರ ಬಸ್ ಹತ್ತಿ ಸವಣೂರಿಗೆ, ನಸೀಮಾ ಮೇಡಂ ಮನೆಗೆ ಹೋದೆ. ಶಿಗ್ಗಾವಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಾರೆ. ನಮ್ಮ ಪದಬಂಧದಲ್ಲಿ ತಪ್ಪಿದ್ದರೆ ಫೋನ್ ಮಾಡಿ ಬೈಯುವ ಏಕೈಕ ಓದುಗರು.

"ಬಿಪಿಎಫ್ ಬರೀರಿ ಸರ್ರ" ಎಂದರು.

ಬಿಪಿ ನನಗೆ ಆಗಲೇ ಇತ್ತು. ಎಫ್ ಏನು ಎಂದು ಕೇಳಿದೆ.

"ಫೈಲ್ ಯಾರ ಅಳಸ್ಲಿ, ಕರ್ನಲ್ ಅನ್ನೋ ಒಳಗಿನ ಆಫೀಸಿಗೆ ಅರ್ಜಿ ಹಾಕಬೇಕ್ರಿ. ತಹಶೀಲ್ದಾರ್ ಕಚೇರಿ ಇದ್ದಂಗ ಅಂತ ತಿಳಕೋರಿ. ಆ ಖಿಡಕಿ ಬಾಜೂಕ ನೀವು ಒಬ್ಬನ್ನ ಕುಂದರಸೋದು. ಅವಾ ಯಾರನ್ನೂ ತಡಿಯಂಗಿಲ್ಲ, ಏನೂ ಮುಟ್ಟಂಗಿಲ್ಲ. ಯಾರು ಬಂದ್ರು, ಏನು ಅಳಸಂದ್ರು, ಅಷ್ಟ ಬರಕೋತಾನ. ಅವನ ನಿಮ್ಮ ಬಿಪಿಎಫ್ ಪ್ರೋಗ್ರಾಮ್."

"ಅಂದರೆ ವರದಿಗಾರ!"

"ಹೂಂನ್ರಿ. ಆದ್ರ ಕಣ್ಣಾರೆ ಕಂಡದ್ದಷ್ಟ ಬರೀತಾನ."

(ಈ ಮಾತನ್ನು ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳಲಿಲ್ಲ.)

ಇದಕ್ಕೆ ಸಿದ್ಧ ಸಾಧನಗಳೂ ಇವೆಯಂತೆ. ಒಂದು ಆಜ್ಞೆ ಕೊಟ್ಟರೆ ಕೆಲಸ ಶುರು. ಆದರೆ ನಾನು ಮಾತಿನ ಭರದಲ್ಲಿ, ಹಿಂದೆ ಅಂಚೆಯ ಮೂಲಕ ಪಾಠ ತರಿಸಿಕೊಂಡು ಕಂಪ್ಯೂಟರಿನ ಸಿ ಭಾಷೆ ಕಲಿತಿದ್ದೇನೆ ಎಂದುಬಿಟ್ಟಿದ್ದೆ. "ಹಂಗಾದ್ರ ಸಿ ಒಳಗ ಬರೀರಿ, ನೋಡೋಣ" ಎಂದರು ಮೇಡಂ. ನನ್ನ ಜಂಬಕ್ಕೆ ಇಷ್ಟು ಬೇಗ ಬೆಲೆ ತೆತ್ತದ್ದು ಅಪರೂಪ.

ಸಿ ಗೊತ್ತಿದ್ದರೆ ಬಿಪಿಎಫ್ ಗೊತ್ತಿದ್ದಂತೆಯೇ? ನೀವೂ ಹಾಗೆ ಅಂದುಕೊಂಡಿದ್ದರೆ ನನ್ನ ಮೊದಲ ವಾರ ಕೇಳಿ.

ಮೊದಲ ಸಾಲಿನಲ್ಲೇ ಒಂದು ಫೈಲ್ ಸೇರಿಸಬೇಕು. ಕರ್ನಲ್ ಒಳಗಿನ ಸಕಲ ಸಾಮಾನುಗಳ ಪಟ್ಟಿ ಅದು. ತೆರೆದು ನೋಡಿದೆ, ಲಕ್ಷಕ್ಕೂ ಹೆಚ್ಚು ಸಾಲು! ನನ್ನ ಪ್ರೋಗ್ರಾಮ್ ನಲವತ್ತು ಸಾಲಿನದು. ನಮ್ಮ ಕಡೆಯ ಮದುವೆ ಕಾರ್ಡಿನಲ್ಲಿ ಮುಹೂರ್ತ ಒಂದು ಸಾಲು, ಬರಮಾಡಿಕೊಳ್ಳುವವರ ಹೆಸರು ಎರಡು ಪುಟ ಇರುತ್ತದಲ್ಲ, ಹಾಗೆ.

ಯಾರಾದರೂ ಫೈಲ್ ಅಳಿಸಿದಾಗ "ನಮಸ್ಕಾರ" ಎಂದು ಬರೆಯಲಿ ಎಂದು ಮೊದಲ ಪ್ರೋಗ್ರಾಮ್ ಬರೆದೆ. ಚಾಲೂ ಮಾಡಿ, ಒಂದು ಫೈಲ್ ಅಳಿಸಿ, ಪರದೆ ನೋಡುತ್ತ ಕೂತೆ. ಇಪ್ಪತ್ತು ನಿಮಿಷ ಕಳೆದರೂ ನಮಸ್ಕಾರವಿಲ್ಲ. ಮೇಡಂಗೆ ಫೋನ್ ಮಾಡಿದೆ.

"ಪರದೆ ಮ್ಯಾಲ ಬರೂದಿಲ್ರಿ ಸರ್ರ. ಅವಾ ಕರ್ನಲ್ ಒಳಗ ಕುಂತು ಮಾತಾಡಾಕತ್ತಾನ. ಅವನ ಮಾತು ಕೇಳಾಕ ಬ್ಯಾರೆ ಕೊಳವಿ ಐತಿ. ಅದರ ಬಾಯಾಗ ಕಿವಿ ಇಡ್ರಿ."

ಆ ಕೊಳವೆ ತೆರೆದೆ. ಒಳಗೆ ನಾಲ್ಕುನೂರಕ್ಕೂ ಹೆಚ್ಚು ನಮಸ್ಕಾರಗಳು ಕಾದಿದ್ದವು. ಒಂದು ಕಂಪ್ಯೂಟರ್ ಇಪ್ಪತ್ತು ನಿಮಿಷದಲ್ಲಿ ತನ್ನಷ್ಟಕ್ಕೆ ಇಷ್ಟೊಂದು ಫೈಲ್ ಸೃಷ್ಟಿಸಿ ಅಳಿಸುತ್ತದೆ ಎಂದು ಯಾರಿಗೆ ಗೊತ್ತಿತ್ತು?

ಹಾಗಾಗಿ ಫೋಟೋಗಳನ್ನು ಮಾತ್ರ ಆರಿಸಬೇಕು. ಅದಕ್ಕೆ ಫೈಲ್ ಹೆಸರಿನ ಕೊನೆಯ ಅಕ್ಷರಗಳನ್ನು ನೋಡಬೇಕು. ಹೆಸರು ಮುಗಿಯುವವರೆಗೆ ಮುಂದೆ ಹೋಗುತ್ತಿರು ಎಂದು ಒಂದು ಲೂಪ್ ಬರೆದೆ. ಆಗ ಪರಿಚಯವಾದದ್ದು ವೆರಿಫೈಯರ್.

ವೆರಿಫೈಯರ್ ಎಂದರೆ ಕರ್ನಲ್ ಬಾಗಿಲಲ್ಲಿ ಕೂತ ತನಿಖಾಧಿಕಾರಿ. ನಿಮ್ಮ ಪ್ರೋಗ್ರಾಮ್ ಒಳಗೆ ಬಿಡುವ ಮೊದಲು ಸಾಲು ಸಾಲು ಓದುತ್ತದೆ. ಓಡಿಸಿ ನೋಡೋಣ ಎಂಬ ಮಾತೇ ಇಲ್ಲ. ಓಡುವ ಮೊದಲೇ ಎಲ್ಲವೂ ಸಾಬೀತಾಗಬೇಕು.

"ಮುಗಿಯುವವರೆಗೆ" ಎಂದರೆ? ಮುಗಿಯದಿದ್ದರೆ? ತಿರಸ್ಕೃತ.

ಲೂಪಿಗೆ ಮಿತಿ ಹಾಕಿದೆ. ಹೆಸರನ್ನು ಇಟ್ಟುಕೊಳ್ಳಲು ಸಾವಿರ ಬೈಟ್ ಜಾಗ ಕೇಳಿದೆ. ನಿನಗಿರುವುದು ಒಟ್ಟು ಐನೂರಾ ಹನ್ನೆರಡು. ತಿರಸ್ಕೃತ. ಹೆಸರನ್ನು ನೇರವಾಗಿ ಓದಲು ಹೋದೆ. ಅದು ಬಳಕೆದಾರರ ಜಾಗ, ಕೈ ಹಾಕಬೇಡ, ಕೇಳಿ ಪಡೆ. ತಿರಸ್ಕೃತ. ಎಣಿಕೆ ಇಡಲು ಒಂದು ಕೋಷ್ಟಕದಲ್ಲಿ ಹುಡುಕಿದೆ. ಹುಡುಕಿದ್ದು ಸಿಗದಿದ್ದರೆ ಏನು ಮಾಡುತ್ತೀ ಎಂದು ಎಲ್ಲಿ ಬರೆದಿದ್ದೀ? ತಿರಸ್ಕೃತ. ಎಲ್ಲ ಸರಿಮಾಡಿ ಎದೆಯುಬ್ಬಿಸಿ ಕಳಿಸಿದರೆ, ಪ್ರೋಗ್ರಾಮಿನ ಲೈಸೆನ್ಸ್ ಯಾವುದೆಂದು ಒಂದು ಸಾಲು ಬರೆದಿಲ್ಲ, ಇಂಥ ಸೌಲಭ್ಯ ನಿನಗಿಲ್ಲ. ತಿರಸ್ಕೃತ.

ಹನ್ನೊಂದು ಸಲ ವಾಪಸ್ ಬಂತು. ಪ್ರತಿ ಸಲವೂ ಕಾರಣಗಳ ಉದ್ದ ಪಟ್ಟಿ. ಎಷ್ಟೋ ವರದಿಗಾರರ ಕಾಪಿಗಳ ಮೇಲೆ ನಾನು ಕೆಂಪು ಶಾಯಿಯಲ್ಲಿ "ಮೂಲ?" ಎಂದು ಬರೆದು ಎಸೆದಿದ್ದೇನೆ. ಅವರೆಲ್ಲ ಎಲ್ಲಿದ್ದಾರೋ. ಈ ಸುದ್ದಿ ಅವರಿಗೆ ತಲುಪಿದರೆ ಸಂತೋಷಪಡಲಿ.

ಹನ್ನೆರಡನೇ ಸಲ ಪಾಸಾಯಿತು. ಪೆಡಂಭೂತ ಗೆದ್ದವನಂತೆ ಎರಡನೇ ಭಾನುವಾರ ಸವಣೂರಿಗೆ ಹೋಗಿ ಮೇಡಂಗೆ ತೋರಿಸಿದೆ. ಅವರು ಓದುತ್ತ ಒಂದು ಸಾಲಿನಲ್ಲಿ ನಿಂತರು.

"ಇದೇನ್ರಿ, ನಂಬರ್ ಒಂದು ಸಾವಿರದ ಎರಡು ಇದ್ರ ಮಾತ್ರ ಬರಕೋ ಅಂದೀರಿ?"

ಕಚೇರಿಯ ನಾಲ್ವರೂ ಅದೇ ಕಂಪ್ಯೂಟರಿನಲ್ಲಿ ಬೇರೆ ಬೇರೆ ಲಾಗಿನ್ ಬಳಸುತ್ತೇವೆ. ಕರ್ನಲ್ಲಿಗೆ ನಮ್ಮ ಹೆಸರು ಗೊತ್ತಿಲ್ಲ, ಒಬ್ಬೊಬ್ಬರಿಗೆ ಒಂದು ನಂಬರ್. ಒಂದು ಸಾವಿರದ ಎರಡು ಸುಜಾತಾ ಅವರದು.

"ಮಾಲೀಕರು ಹೇಳಿದರು" ಎಂದೆ. "ಆಕೀದಷ್ಟ ಹಿಡೀರಿ, ಉಳದವರ ಉಸಾಬರಿ ಬ್ಯಾಡ" ಎಂದಿದ್ದರು. ಸಾಲುಗಳು ಕಡಿಮೆಯಾಗುತ್ತವೆ, ಓದಲು ಸುಲಭ ಎಂದು ನಾನೂ ಸಮಾಧಾನ ಹೇಳಿಕೊಂಡಿದ್ದೆ.

"ಒಬ್ಬರ ಕಡೆ ಕ್ಯಾಮೆರಾ ತಿರುಗಿಸಿ ಇಟ್ರ ಅವರ ಕಾಣ್ತಾರ್ರಿ ಸರ್ರ. ಆಕೀ ಊಟ ಮಾಡುವಾಗ ಬ್ಯಾಡಾದ ಫೋಟೋ ಒಂದು ಅಳಸಿದ್ಲು ಅಂತ ಇಟ್ಕೋರಿ. ನಿಮ್ಮ ಕೊಳವ್ಯಾಗ ಆಕೀ ಹೆಸರಷ್ಟ ಬಂತು. ಮುಗೀತಲ್ಲ ಆಕೀ ಕಥಿ?"

ಆ ಸಾಲನ್ನು ಮತ್ತೊಮ್ಮೆ ಓದಿದೆ. ಲೂಪ್ ಮುಗಿಯುತ್ತದೋ, ಹುಡುಕಿದ್ದು ಸಿಗುತ್ತದೋ, ಲೈಸೆನ್ಸ್ ಇದೆಯೋ ಎಂದೆಲ್ಲ ಹನ್ನೊಂದು ಸಲ ಪ್ರಾಣ ಹಿಂಡಿದ ವೆರಿಫೈಯರ್ ಈ ಸಾಲನ್ನು ಒಂದೇ ಒಂದು ಸಲವೂ ಪ್ರಶ್ನಿಸಿರಲಿಲ್ಲ. ಅದು ಪಾಯಿಂಟರ್, ಅಂದರೆ ಯಾವ ಜಾಗಕ್ಕೆ ಕೈ ಹಾಕುತ್ತೀ ಎಂಬುದನ್ನು, ನೋಡುತ್ತದೆ. ಪೂರ್ವಗ್ರಹ ನೋಡುವುದಿಲ್ಲ. ಅದನ್ನು ನೋಡಬೇಕಾದವನು ಬರೆಯುವವನು. ಬರೆದವನು ನಾನು.

ಮೇಡಂ ಆ ಸಾಲು ಅಳಿಸಿದರು. "ಈಗ ಎಲ್ಲಾರನ್ನೂ ಬರಕೋತೈತಿ. ಇನ್ನೊಂದು. ಅಳಸಾಕ ಎರಡು ಖಿಡಕಿ ಅದಾವ. ನೀವು ಒಂದಕ್ಕಷ್ಟ ಮನಶ್ಯಾನ ಕುಂದರಸೀರಿ. ಎರಡಕ್ಕೂ ಕುಂದರಸ್ರಿ. ಮತ್ತ ಮೊದಲ ಫೋಟೋ ಎಲ್ಲಾ ಒಂದು ಕಾಪಿ ತಗದ ಇಡ್ರಿ, ಮಾರಾಯ್ರ."

ಗುರುವಾರ ಬೆಳಿಗ್ಗೆ ಪ್ರೋಗ್ರಾಮ್ ಚಾಲೂ ಮಾಡಿದೆ. ಯಾರು ಅಳಿಸಿದರು, ಯಾವ ಪ್ರೋಗ್ರಾಮಿನಿಂದ, ಯಾವ ಫೋಟೋ: ಈ ಮೂರೂ ಒಂದೇ ಸಾಲಿನಲ್ಲಿ ಬರಬೇಕು. ಹನ್ನೆರಡರವರೆಗೆ ಏನೂ ಬರಲಿಲ್ಲ. ಒಂದು ಗಂಟೆಗೆ ಯಾರೂ ಮನೆಗೆ ಹೋಗಬಾರದು ಎಂದು ಮಾಲೀಕರ ಆದೇಶವಾಗಿತ್ತು. ಅವರು ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂತರು.

ಸುಜಾತಾ ದೂರದ ಮೇಜಿನ ಮೇಲೆ ಡಬ್ಬಿ ಬಿಚ್ಚಿದರು. ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ.

"ಮಾಲಕ್ರ, ಎರಡೂ ಕೈ ನೋಡ್ಕೋರಿ. ಒಂದರಾಗ ರೊಟ್ಟಿ, ಒಂದರಾಗ ಉಳ್ಳಾಗಡ್ಡಿ. ಮೌಸ್ ಮುಟ್ಟಿಲ್ಲ."

"ಉಣ್ಣವಾ, ಉಣ್ಣು" ಎಂದರು ಮಾಲೀಕರು, ಪರದೆಯಿಂದ ಕಣ್ಣು ತೆಗೆಯದೆ.

ಸರಿಯಾಗಿ ಒಂದು ಗಂಟೆ. ಪರದೆಯ ಮೇಲೆ ಪಟಪಟನೆ ಎಂಟು ಸಾಲು ಬಿದ್ದವು. ಗೊಟಗೋಡಿಯ ಸಮಾರಂಭದ ಫೋಟೋ, ಅಳಿಸಲಾಗಿದೆ. ಶಿಗ್ಗಾವಿಯ ರಸ್ತೆ ಉದ್ಘಾಟನೆ, ಅಳಿಸಲಾಗಿದೆ. ಅದೇ ಉದ್ಘಾಟನೆ ಇನ್ನೊಂದು ಕೋನದಿಂದ, ಅಳಿಸಲಾಗಿದೆ. ಆರನೇ ಸಾಲಿನಲ್ಲಿ ಹಿರೇಕೆರೂರಿನ ಒಬ್ಬ ಅಜ್ಜಿ. ಇನ್ನು ಮೂರು ವಾರಕ್ಕೆ ಅವರ ಪುಣ್ಯಸ್ಮರಣೆ ಇತ್ತು.

"ಕಣ್ಣೆದುರ ಹೋದ್ಲಲ್ರಿ ಅಜ್ಜಿ!" ಎಂದು ಮಾಲೀಕರು ಎದ್ದು ನಿಂತರು. ಸುಜಾತಾ ಅವರ ಕೈಯಲ್ಲಿ ರೊಟ್ಟಿ ಹಾಗೇ ಇತ್ತು.

"ಯಾರು? ಯಾರ ನಂಬರ್ ಐತಿ?"

ಎಂಟೂ ಸಾಲಿನ ಮುಂದೆ ಒಂದೇ ಸಂಖ್ಯೆ. ಒಂದು ಸಾವಿರ.

"ಸಾವಿರ ಯಾರ್ರೀ?"

ಸುಜಾತಾ ಅಲ್ಲಿಂದಲೇ ಹೇಳಿದರು. "ಮೊದಲ ಲಾಗಿನ್ ಮಾಡಿದವರಿಗೆ ಸಾವಿರ ಕೊಡತೈತ್ರಿ ಅದು. ಸರ್ರದು."

ನಾನು ಪರದೆಯಿಂದ ಎರಡು ಮೊಳ ದೂರ ನಿಂತಿದ್ದೆ. ನನ್ನ ಕೈಯೂ ಖಾಲಿ. ಆದರೂ ಪರದೆಯ ಪ್ರಕಾರ ಎಂಟು ಫೋಟೋ ಅಳಿಸಿದ್ದು ನಾನು.

ಆಗ ನೆನಪಾಯಿತು. ಎರಡು ವರ್ಷದ ಹಿಂದೆ ಡಿಸ್ಕ್ ತುಂಬಿ ಪುಟ ಸೇವ್ ಆಗದೆ ಒದ್ದಾಡಿದ್ದೆವು. ಆಗ ನಾನೇ ಒಂದು ಸಾಲು ಬರೆದು ನನ್ನ ಲಾಗಿನ್ನಿನಲ್ಲಿ ಇಟ್ಟಿದ್ದೆ. ಪ್ರತಿದಿನ ಮಧ್ಯಾಹ್ನ ಒಂದು ಗಂಟೆಗೆ, ಎಲ್ಲರೂ ಊಟಕ್ಕೆ ಹೋದಾಗ, ಫೋಟೋ ಫೋಲ್ಡರಿನಲ್ಲಿ ಮುನ್ನೂರಾ ಅರವತ್ತೈದು ದಿನ ದಾಟಿದ್ದನ್ನೆಲ್ಲ ಗುಡಿಸಿ ಹಾಕು. ವರ್ಷ ಕಳೆದ ಫೋಟೋ ಯಾರಿಗೆ ಬೇಕು? ಬರೆದೆ, ಮರೆತೆ. ಅದು ಮರೆಯಲಿಲ್ಲ.

"ಆದರೆ ಎರಡು ವರ್ಷ ಏನೂ ಆಗಲಿಲ್ಲವಲ್ಲ" ಎಂದು ತೊದಲಿದೆ. "ಪುಣ್ಯಸ್ಮರಣೆಗಳು ಹೋದ ವರ್ಷವೂ ಬಂದಿದ್ದವು. ಒಂದೂ ಹೋಗಿರಲಿಲ್ಲ."

ಸುಜಾತಾ ಕೈ ತೊಳೆದುಕೊಂಡು ಬಂದರು. ಎರಡನೇ ಪುಟದ ವಾರದ ಪಂಚಾಂಗವನ್ನು ಪ್ರತಿ ವಾರ ಟೈಪ್ ಮಾಡುವವರೂ ಅವರೇ.

"ನಿಮ್ಮ ಮಂದಿ ತಿಥಿ ಹಿಡದು ಮಾಡ್ತೀರಲ್ರಿ ಸರ್ರ. ತಿಥಿ ವರ್ಷಕ್ಕ ಹನ್ನೊಂದ ದಿನ ಹಿಂದ ಬರತೈತಿ. ಮುನ್ನೂರಾ ಐವತ್ನಾಲ್ಕಕ್ಕ ಕೆಲಸ ಮುಗೀತು, ನಿಮ್ಮ ಕಸಬರಗಿ ಬರೂದ್ರಾಗ ಫೋಟೋ ಅಚ್ಚಾಗಿರತಿತ್ತು. ಈ ವರ್ಷ ಅಧಿಕ ಮಾಸ ಬಂತು. ತಿಂಗಳೊಂದು ಹೆಚ್ಚಾತು. ಮುನ್ನೂರಾ ಎಂಬತ್ನಾಲ್ಕಕ್ಕ ಹೋತು ತಿಥಿ. ಅಷ್ಟರಾಗ ಕಸಬರಗಿ ಬಂದು ಹೋಗಿತ್ತು."

"ಮತ್ತ ನಿಮ್ಮ ಮಂದೀದು?" ಎಂದರು ಮಾಲೀಕರು.

"ನಾವು ತಾರೀಖ ಹಿಡದು ಮಾಡ್ತೇವ್ರಿ. ನಮಗ ಅಧಿಕ ಮಾಸ ಇಲ್ಲ. ಫೋಟೋಕ್ಕ ಮುನ್ನೂರಾ ಅರವತ್ತೈದು ದಾಟೂದ್ರಾಗ ನಮ್ಮ ಜಾಹೀರಾತು ಅಚ್ಚ ಆಗಿರತೈತಿ."

ಐದರಲ್ಲಿ ಐದೂ ಮತ್ತೆ ಹೊಂದಿಕೊಂಡವು. ಹೊಂದಾಣಿಕೆ ಮೊದಲೂ ಸುಳ್ಳಾಗಿರಲಿಲ್ಲ. ಅದರ ಹಿಂದೆ ಒಂದು ಕೈ ಇದೆ ಎಂದು ಓದಿದ್ದು ನಾವು. ಇದ್ದದ್ದು ಒಂದು ಕಸಬರಿಗೆ ಮತ್ತು ಪಂಚಾಂಗ. ಫೋಲ್ಡರ್ ತೆರೆದು ಒಮ್ಮೆ ಕೆಳಗಿನವರೆಗೆ ನೋಡಿದ್ದರೆ, ವರ್ಷ ದಾಟಿದ ಒಂದೇ ಒಂದು ಫೋಟೋ ಅಲ್ಲಿಲ್ಲ ಎಂಬುದು ಮೊದಲ ದಿನವೇ ಕಾಣುತ್ತಿತ್ತು. ಉದ್ಘಾಟನೆಗಳು, ಸನ್ಮಾನಗಳು, ಹಾರ ತುರಾಯಿ ಎಲ್ಲವೂ ಹೋಗಿದ್ದವು. ಯಾರೂ ಕೇಳಿರಲಿಲ್ಲ, ನಾವೂ ನೋಡಿರಲಿಲ್ಲ. ಅನುಮಾನ ಪಡಲು ಒಬ್ಬರು ಸಿಕ್ಕ ಮೇಲೆ ಫೋಲ್ಡರ್ ಯಾರು ನೋಡುತ್ತಾರೆ?

ದಾಖಲೆಗಾಗಿ ಹೇಳುತ್ತೇನೆ. ಆ ಸಾಲನ್ನು ಅಂದೇ ತೆಗೆದಿದ್ದೇನೆ. ಅಗಲಿದವರಿಗೆ ಸುಜಾತಾ ಬೇರೆಯದೇ ಫೋಲ್ಡರ್ ಮಾಡಿದ್ದಾರೆ. ಹಿರೇಕೆರೂರಿನ ಅಜ್ಜಿ ಕಾಪಿಯಿಂದ ಮರಳಿ ಬಂದಿದ್ದಾರೆ. ಹತ್ತಿಮತ್ತೂರಿನ ಜಾಹೀರಾತು ಈ ವಾರ ಏಳನೇ ಪುಟದಲ್ಲಿ ಮತ್ತೆ ಇದೆ, ಮಗ ಹೊಸದಾಗಿ ಕೊಟ್ಟ ಫೋಟೋದಿಂದ, ಈ ಸಲ ಅಜ್ಜನ ಸಮೇತ. ಫೋಟೋ ಕಳೆದದ್ದು ನನ್ನಿಂದ. ಮೂರೂ ಮನೆಯವರ ಕ್ಷಮೆ ಕೇಳುತ್ತೇನೆ. ಸುಜಾತಾ ಅವರ ಕ್ಷಮೆಯನ್ನು ಎದುರಿಗೇ ಕೇಳಿದೆ. "ಇರ್ಲಿ ಬಿಡ್ರಿ" ಎನ್ನಲಿಲ್ಲ ಅವರು. "ಹೂಂ" ಎಂದರು.

ಮಾಲೀಕರು ಮಾತ್ರ ಹಗುರಾಗಿದ್ದರು. ಹೊರಗೆ ತಲೆ ಹಾಕಿ ಎದುರಿನ ಹೋಟೆಲಿಗೆ ಕೂಗಿದರು. "ಏ ತಮ್ಮಾ, ಮೂರು ಚಹಾ ಹಚ್ಚೋ! ಸರ್ರು ಗಾಬರಿ ಆಗ್ಯಾರ." ನನ್ನ ಬೆನ್ನು ತಟ್ಟಿ, "ಮನಶ್ಯಾ ಅಂದ ಮ್ಯಾಲ ತಪ್ಪ ಆಗತಾವ್ರಿ. ಮನಸ್ಸಿಗೆ ಹಚ್ಕೋಬ್ಯಾಡ್ರಿ" ಎಂದರು. ಸುಜಾತಾ ಕಡೆ ತಿರುಗಿ, "ನೀನೂ ಇರವಾ ಇನ್ನ. ಎಲ್ಲಾ ಸರಿ ಆತಲ್ಲ" ಎಂದರು.

ಸುಜಾತಾ ಡಬ್ಬಿಯ ಮುಚ್ಚಳ ಹಾಕಿದರು.

"ಒಂದು ಮಾತು ಕೇಳ್ಲೇನ್ರಿ ಮಾಲಕ್ರ?"

"ಕೇಳವಾ."

"ಅನುಮಾನ ಇದ್ದಾಗ ನನಗ ಕಡೇ ಸಂಚಿಕೆ ಯಾವುದು ಅಂತ ಹೇಳಿದ್ರಿ. ಈಗ ಪುರಾವೆನ ಸಿಕ್ಕೈತಿ. ಸರ್ರದು ಯಾವ ಸಂಚಿಕೆ ಕಡೇದ್ರಿ?"

ಚಹಾ ಇನ್ನೂ ಯಾಕೆ ಬರಲಿಲ್ಲ ಎಂದು ನೋಡಲು ಮಾಲೀಕರು ಬಾಗಿಲಿಗೆ ಹೋದರು. ಈ ಅಂಕಣ ಈ ವಾರವೂ ನಿಮ್ಮ ಕೈಯಲ್ಲಿದೆ ಎಂದರೆ, ಅವರ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ ಎಂದೇ ಅರ್ಥ.